ಗುಳಿಗೆಗಿಂತ ಮೊದಲು ಕಲ್ಚರ್ ಪರೀಕ್ಷೆ: ತಾಲ್ಲೂಕು ಆಸ್ಪತ್ರೆಗಳಿಗೂ ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹೋದ ವಾರ ಕಲಬುರಗಿಯ ನಮ್ಮ ಬಡಾವಣೆಯ ಔಷಧ ಅಂಗಡಿಯಲ್ಲಿ ರಕ್ತದೊತ್ತಡದ ಗುಳಿಗೆಗಾಗಿ ನಿಂತಿದ್ದೆ. ಪಕ್ಕದಲ್ಲಿದ್ದ ತಾಯಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಖಾಲಿಯಾದ ಗುಳಿಗೆ ಪಟ್ಟಿಯೊಂದನ್ನು ಹೊರತೆಗೆದು, ‘ಯಣ್ಣಾ, ಇಂಥವೇ ನಾಕು ಕೊಡ್ರಿ, ಉರಿಮೂತ್ರ ಮತ್ತ ಸುರು ಆಗ್ಯಾದ’ ಎಂದರು. ಅಂಗಡಿಯವರು ವೈದ್ಯರ ಚೀಟಿ ಕೇಳಲಿಲ್ಲ, ಎಷ್ಟು ದಿನದಿಂದ ಎಂದೂ ಕೇಳಲಿಲ್ಲ. ನಾಲ್ಕು ಕತ್ತರಿಸಿ ಕೊಟ್ಟರು. ಅದು ಆಂಪಿಸಿಲಿನ್ ಮತ್ತು ಕ್ಲಾಕ್ಸಾಸಿಲಿನ್ ಎರಡೂ ಸೇರಿದ ಕ್ಯಾಪ್ಸೂಲ್. ಮೂವತ್ತೊಂದು ವರ್ಷ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೂತ್ರ, ರಕ್ತ, ಕೀವುಗಳ ಕಲ್ಚರ್ ಪರೀಕ್ಷೆ (ಮಾದರಿಯಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ, ಯಾವ ಔಷಧ ನಾಟುತ್ತದೆಂದು ನೋಡುವ ಪರೀಕ್ಷೆ) ಮಾಡಿ ನಿವೃತ್ತನಾದ ನನಗೆ ಆ ನಾಲ್ಕು ಕ್ಯಾಪ್ಸೂಲ್‌ಗಳು ಆ ತಾಯಿಯ ಹೊಟ್ಟೆಯಲ್ಲಿ ಏನು ಮಾಡುತ್ತವೆ, ಏನು ಮಾಡಲಾರವು ಎಂಬುದು ಗೊತ್ತಿತ್ತು. ಅದನ್ನು ಅಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಲಾಗಲಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಇದು ದೀರ್ಘವಾಗಿದ್ದರೆ ದಯವಿಟ್ಟು ಸಹಿಸಿಕೊಳ್ಳಬೇಕು.

ಉರಿಮೂತ್ರಕ್ಕೆ ಬಹುಪಾಲು ಕಾರಣವಾಗುವುದು ನಮ್ಮ ಕರುಳಿನಲ್ಲಿಯೇ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಇದು ಗ್ರಾಂ-ನೆಗೆಟಿವ್ ಗುಂಪಿಗೆ ಸೇರಿದ್ದು. 1884ರಲ್ಲಿ ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ ಎಂಬ ವೈದ್ಯರು ಕಂಡುಹಿಡಿದ ಬಣ್ಣ ಹಾಕುವ ವಿಧಾನದಲ್ಲಿ, ಕೆಲವು ಬ್ಯಾಕ್ಟೀರಿಯಾಗಳು ನೇರಳೆ ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಉಳಿದವು ಅದನ್ನು ಬಿಟ್ಟುಕೊಟ್ಟು, ಆಮೇಲೆ ಹಾಕಿದ ಕೆಂಪು ಬಣ್ಣದಿಂದ ಗುಲಾಬಿಯಾಗಿ ಕಾಣುತ್ತವೆ. ಗುಲಾಬಿಯಾಗಿ ಕಾಣುವವೇ ಗ್ರಾಂ-ನೆಗೆಟಿವ್. ಇವುಗಳ ಕೋಶಭಿತ್ತಿಯ ಹೊರಗೆ ಇನ್ನೊಂದು ಪೊರೆ ಇರುತ್ತದೆ. ಆ ಪೊರೆಯಲ್ಲಿ ನೀರು, ಪೋಷಕಾಂಶಗಳು ಒಳಗೆ ಹೋಗುವುದಕ್ಕೆಂದು ಸಣ್ಣ ರಂಧ್ರಗಳಿರುತ್ತವೆ. ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಬೂಷ್ಟಿನಿಂದ ಕಂಡುಕೊಂಡ ಮೂಲ ಪೆನಿಸಿಲಿನ್ ಈ ರಂಧ್ರಗಳಲ್ಲಿ ಸುಲಭವಾಗಿ ತೂರುವುದಿಲ್ಲ. ಆದ್ದರಿಂದಲೇ ಗಾಯದ ಕೀವು, ನ್ಯುಮೋನಿಯಾ ಮುಂತಾದವುಗಳನ್ನು ಬೆರಗಾಗುವಂತೆ ವಾಸಿಮಾಡಿದ ಆ ಔಷಧ ಟೈಫಾಯಿಡ್, ಮೂತ್ರದ ಸೋಂಕುಗಳ ಮುಂದೆ ಕೈಚೆಲ್ಲಿತು.

ಈ ಕೊರತೆಯನ್ನು ನೀಗಿದ್ದು ಅರೆ-ಸಂಶ್ಲೇಷಿತ ಪೆನಿಸಿಲಿನ್‌ಗಳು. 1957ರಲ್ಲಿ ಇಂಗ್ಲೆಂಡಿನ ಬೀಚಮ್ ಕಂಪನಿಯ ಬ್ರಾಕ್‌ಹ್ಯಾಮ್ ಪಾರ್ಕ್ ಪ್ರಯೋಗಾಲಯದ ವಿಜ್ಞಾನಿಗಳು ಪೆನಿಸಿಲಿನ್ನಿನ ಮೂಲ ತಿರುಳಾದ 6-ಎಪಿಎ ಎಂಬ ವಸ್ತುವನ್ನು ಬೇರ್ಪಡಿಸಿ, 1959ರಲ್ಲಿ ಅದನ್ನು ಪ್ರಕಟಿಸಿದರು. ಬೂಷ್ಟು ತಿರುಳನ್ನು ಕೊಡುತ್ತದೆ. ಅದಕ್ಕೆ ಬೇಕಾದ ಬಾಲವನ್ನು ಮನುಷ್ಯ ರಸಾಯನಶಾಲೆಯಲ್ಲಿ ಜೋಡಿಸುತ್ತಾನೆ. ಅರ್ಧ ಪ್ರಕೃತಿಯದು, ಅರ್ಧ ನಮ್ಮದು ಎಂಬುದೇ ಅರೆ-ಸಂಶ್ಲೇಷಿತ ಎನ್ನುವ ಹೆಸರಿನ ಅರ್ಥ. ಆ ಬಾಲಕ್ಕೆ ಒಂದು ಅಮೈನೋ ಗುಂಪನ್ನು ಸೇರಿಸಿದಾಗ ಹುಟ್ಟಿದ ಆಂಪಿಸಿಲಿನ್, ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾದ ಹೊರಪೊರೆಯ ರಂಧ್ರಗಳಲ್ಲಿ ತೂರಿಹೋಗುವ ಶಕ್ತಿ ಪಡೆಯಿತು. 1961ರಲ್ಲಿ ಅದು ಮಾರುಕಟ್ಟೆಗೆ ಬಂತು. ಹೊಟ್ಟೆಯಿಂದ ರಕ್ತಕ್ಕೆ ಇನ್ನೂ ಚೆನ್ನಾಗಿ ಸೇರುವ ಅಮಾಕ್ಸಿಸಿಲಿನ್ ಮುಂದಿನ ದಶಕದಲ್ಲಿ ಬಂತು. ಸುಟ್ಟ ಗಾಯಗಳಲ್ಲಿ ಹಸಿರು ಕೀವು ತರುವ ಸ್ಯೂಡೋಮೊನಾಸ್‌ಗಾಗಿ ಕಾರ್ಬೆನಿಸಿಲಿನ್, ಟಿಕಾರ್ಸಿಲಿನ್, ಆಮೇಲೆ ಆಂಪಿಸಿಲಿನ್ನಿನಿಂದಲೇ ರೂಪಿಸಿದ ಪಿಪರಾಸಿಲಿನ್ ಬಂದವು. ನನಗೆ ಯಾವಾಗಲೂ ವಿಸ್ಮಯವೆನಿಸುವ ಒಂದು ಸಂಗತಿಯಿದೆ: ಕಾರ್ಖಾನೆಗಳಲ್ಲಿ ಪೆನಿಸಿಲಿನ್ನಿನ ಬಾಲ ಕತ್ತರಿಸಿ ತಿರುಳನ್ನು ಬೇರ್ಪಡಿಸಲು ಬಳಸುವ ಕಿಣ್ವವನ್ನು ಬಹಳ ಕಡೆ ಪಡೆದಿರುವುದು ಅದೇ ಇ. ಕೋಲಿಯಿಂದ. ಅಂದರೆ ಇ. ಕೋಲಿಯನ್ನು ಕೊಲ್ಲುವ ಔಷಧವನ್ನು ತಯಾರಿಸಲು ಇ. ಕೋಲಿಯೇ ಕತ್ತರಿಯನ್ನು ಕೊಟ್ಟಿದೆ.

ಆ ಕ್ಯಾಪ್ಸೂಲ್‌ನಲ್ಲಿದ್ದ ಎರಡನೆಯ ಔಷಧವಾದ ಕ್ಲಾಕ್ಸಾಸಿಲಿನ್ ಕೂಡ ಅದೇ ತಿರುಳಿನಿಂದ ಹುಟ್ಟಿದ್ದು. ಆದರೆ ಅದನ್ನು ರೂಪಿಸಿದ್ದು ಗ್ರಾಂ-ಪಾಸಿಟಿವ್ ಗುಂಪಿನ, ಕುರು ಬಾವುಗಳನ್ನು ತರುವ ಸ್ಟ್ಯಾಫಿಲೊಕಾಕಸ್ ವಿರುದ್ಧ. ಇ. ಕೋಲಿಯ ಮೇಲೆ ಅದರದು ಏನೂ ನಡೆಯುವುದಿಲ್ಲ. ಹಾಗಾಗಿ ಉರಿಮೂತ್ರಕ್ಕೆ ಆ ಕ್ಯಾಪ್ಸೂಲ್ ನುಂಗಿದವರಿಗೆ ಅರ್ಧ ಔಷಧ ಮೊದಲಿನಿಂದಲೂ ವ್ಯರ್ಥ. ಉಳಿದರ್ಧವಾದ ಆಂಪಿಸಿಲಿನ್ನಿನ ಪಾಡು ಏನೆಂಬುದನ್ನು ಮುಂದೆ ಹೇಳುತ್ತೇನೆ.

ಪೆನಿಸಿಲಿನ್ನಿನ ಜೀವಾಳವೆಂದರೆ ನಾಲ್ಕು ಪರಮಾಣುಗಳ ಒಂದು ಪುಟ್ಟ ಉಂಗುರ. ಬೀಟಾ-ಲ್ಯಾಕ್ಟಮ್ ಎಂದು ಅದರ ಹೆಸರು. ಬ್ಯಾಕ್ಟೀರಿಯಾ ತನ್ನ ಗೋಡೆಯನ್ನು ಹೆಣೆದುಕೊಳ್ಳುವ ಕಿಣ್ವಗಳಿಗೆ ಈ ಉಂಗುರ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಗೋಡೆ ಸಡಿಲವಾಗಿ ಬ್ಯಾಕ್ಟೀರಿಯಾ ಒಡೆಯುತ್ತದೆ. ಬ್ಯಾಕ್ಟೀರಿಯಾದ ಮರುದಾಳಿಯೂ ಆ ಉಂಗುರದ ಮೇಲೆಯೇ: ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ತಯಾರಿಸಿ ಉಂಗುರವನ್ನು ಕತ್ತರಿಸಿಹಾಕುತ್ತದೆ. ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಆಕ್ಸ್‌ಫರ್ಡಿನ ಎಡ್ವರ್ಡ್ ಅಬ್ರಹಾಂ ಮತ್ತು ಅರ್ನ್ಸ್ಟ್ ಚೈನ್ 1940ರಲ್ಲಿಯೇ, ಅಂದರೆ ಅಲ್ಲಿ ರೋಗಿಗಳಿಗೆ ಪೆನಿಸಿಲಿನ್ ಇಂಜೆಕ್ಷನ್ ಕೊಡಲು ಆರಂಭಿಸುವುದಕ್ಕೂ ಮುಂಚೆ, ಪೆನಿಸಿಲಿನ್ ನಾಶಮಾಡುವ ಕಿಣ್ವವನ್ನು ಇದೇ ಕರುಳಿನ ಬ್ಯಾಕ್ಟೀರಿಯಾದಲ್ಲಿ ಗುರುತಿಸಿದ್ದರು. ಆಂಪಿಸಿಲಿನ್ ಬಂದು ನಾಲ್ಕೇ ವರ್ಷಕ್ಕೆ, 1965ರಲ್ಲಿ, ಗ್ರೀಸ್ ದೇಶದ ಅಥೆನ್ಸಿನ ರೋಗಿಯೊಬ್ಬರಲ್ಲಿ ದೊರೆತ ಇ. ಕೋಲಿಯಿಂದ ಟೆಮ್ ಎಂಬ ಕಿಣ್ವದ ವರದಿ ಬಂತು. ಈ ಕಿಣ್ವದ ಸೂತ್ರ ಪ್ಲಾಸ್ಮಿಡ್ ಎಂಬ ಡಿಎನ್ಎಯ ಬಿಡಿ ತುಣುಕಿನ ಮೇಲೆ ಇರುತ್ತದೆ; ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ, ಇ. ಕೋಲಿ ಕ್ಲೆಬ್ಸಿಯೆಲ್ಲಾ ಎಂಬ ಇನ್ನೊಂದು ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗೆ, ಮನೆಯವರು ನೆರೆಯವರಿಗೆ ಅಡುಗೆಯ ಪಾಕ ಬರೆದುಕೊಟ್ಟಂತೆ ದಾಟಿಸಬಲ್ಲದು.

ಪ್ರಯೋಗಾಲಯದಲ್ಲಿ ಇದನ್ನು ಕಣ್ಣಿನಿಂದಲೇ ಕಾಣಬಹುದು. ಮೂತ್ರದ ಒಂದು ಅಳತೆ ಹನಿಯನ್ನು ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಮೆಕಾಂಕಿ ಅಗರ್ ಎಂಬ ಪಾಕದ ತಟ್ಟೆಯ ಮೇಲೆ ಗೆರೆ ಎಳೆದು ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಟ್ಟರೆ, ಬೆಳಗ್ಗೆ ಇ. ಕೋಲಿ ಗುಲಾಬಿ ಚುಕ್ಕೆಗಳಾಗಿ ಎದ್ದಿರುತ್ತದೆ. ಅದನ್ನು ಇನ್ನೊಂದು ತಟ್ಟೆಯಲ್ಲಿ ಹಾಸಿನಂತೆ ಸವರಿ, ಮೇಲೆ ಔಷಧ ತುಂಬಿದ ಕಾಗದದ ಬಿಲ್ಲೆಗಳನ್ನಿಟ್ಟು ಮತ್ತೊಂದು ರಾತ್ರಿ ಕಾಯುತ್ತೇವೆ. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿಯಾದ ವೃತ್ತ ಮೂಡುತ್ತದೆ. 10 ಮೈಕ್ರೋಗ್ರಾಂನ ಆಂಪಿಸಿಲಿನ್ ಬಿಲ್ಲೆಗೆ ಆ ವೃತ್ತ 17 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಔಷಧ ನಾಟುತ್ತದೆ, 13 ಅಥವಾ ಕಡಿಮೆಯಿದ್ದರೆ ನಾಟುವುದಿಲ್ಲ ಎಂದು ಲೆಕ್ಕ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಂಪಿಸಿಲಿನ್ ಬಿಲ್ಲೆಯ ಸುತ್ತ ಅಳೆಯಲು ವೃತ್ತಗಳಿರುತ್ತಿದ್ದವು. ನಿವೃತ್ತನಾಗುವ ಹೊತ್ತಿಗೆ ಹೆಚ್ಚಿನ ತಟ್ಟೆಗಳಲ್ಲಿ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಬೆಳೆದು ನಿಂತಿರುತ್ತಿತ್ತು. ಅಳತೆಪಟ್ಟಿಯನ್ನು ಕೈಗೆತ್ತಿಕೊಳ್ಳುವ ಅಗತ್ಯವೇ ಬೀಳುತ್ತಿರಲಿಲ್ಲ. ಅಂಗಡಿಯಲ್ಲಿ ಕಂಡ ಆ ಕ್ಯಾಪ್ಸೂಲ್‌ನ ಉಳಿದರ್ಧದ ಪಾಡು ಇದು.

ಇದು ನನ್ನ ಮನೆಗೂ ಬಂದ ಸಂಕಟ. ಜೇವರ್ಗಿ ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಅಕ್ಕ ತೊಗರಿ ಹೊಲದಲ್ಲಿ ದಿನವಿಡೀ ದುಡಿಯುವವಳು. ಹೊಲದಲ್ಲಿ ಹೆಂಗಸರಿಗೆ ಮರೆಯಿರುವುದಿಲ್ಲವಾದ್ದರಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಳ್ಳುತ್ತಾರೆ, ಸಂಜೆಯವರೆಗೆ ತಡೆದುಕೊಳ್ಳುತ್ತಾರೆ. ನಮ್ಮ ಭಾಗದ ಬೇಸಿಗೆಯಲ್ಲಿ ಇದರ ಫಲ ಏನೆಂದು ಹೇಳಬೇಕಾಗಿಲ್ಲ. ಒಂದೇ ವರ್ಷದಲ್ಲಿ ಐದು ಸಲ ಅವಳಿಗೆ ಉರಿಮೂತ್ರವಾಯಿತು. ಊರಿನಲ್ಲಿ ಚಿಕಿತ್ಸೆ ಕೊಡುವವರೊಬ್ಬರು ಮೊದಲೆರಡು ಸಲ ಕ್ಯಾಪ್ಸೂಲ್ ಕೊಟ್ಟರು, ಆಮೇಲೆ ಸಲೈನ್ ಹಚ್ಚಿ ಇಂಜೆಕ್ಷನ್ ಮಾಡಿದರು. ಪ್ರತಿ ಸಲವೂ ಎರಡು ದಿನಕ್ಕೆ ಉರಿ ಕಡಿಮೆಯಾದ ಕೂಡಲೇ ಅವಳು ಔಷಧ ನಿಲ್ಲಿಸಿದಳು. ತಮ್ಮ ಇದೇ ಕೆಲಸ ಮಾಡಿದವನಾದರೂ ಇಂಥ ಮಾತನ್ನು ತಮ್ಮನ ಮುಂದೆ ಹೇಗೆ ಹೇಳುವುದೆಂದು ಸುಮ್ಮನಿದ್ದಳು. ಕೊನೆಗೆ ಚಳಿಜ್ವರ, ಬೆನ್ನಿನ ಪಕ್ಕೆಯ ನೋವು ಬಂದು, ಸೋಂಕು ಮೂತ್ರಪಿಂಡಕ್ಕೆ ಏರಿದ ಮೇಲೆ ಕಲಬುರಗಿಗೆ ಕರೆತಂದೆವು. ಮೊದಲ ಬಾರಿಗೆ ಕಲ್ಚರ್ ಆಯಿತು. ಪ್ರಯೋಗಾಲಯದವರ ಅನುಮತಿ ಪಡೆದು ಆ ತಟ್ಟೆಯನ್ನು ನಾನೇ ನೋಡಿದೆ. ಆಂಪಿಸಿಲಿನ್‌ಗೆ ವೃತ್ತವಿಲ್ಲ, ಅಮಾಕ್ಸಿಕ್ಲಾವ್‌ಗೆ ಇಲ್ಲ, ಸೆಫ್ಟ್ರಿಯಾಕ್ಸೋನ್‌ಗೆ ಇಲ್ಲ. ಅಮಿಕಾಸಿನ್ ಎಂಬ ಬೇರೆ ಗುಂಪಿನ ಇಂಜೆಕ್ಷನ್ ಒಂದಕ್ಕೆ ಮಾತ್ರ ಆ ಬ್ಯಾಕ್ಟೀರಿಯಾ ಚೆನ್ನಾಗಿ ಬಗ್ಗಿತ್ತು. ದಿನ ಬಿಟ್ಟು ದಿನ ಮೂತ್ರಪಿಂಡದ ರಕ್ತಪರೀಕ್ಷೆ ಮಾಡುತ್ತಾ ಆ ಇಂಜೆಕ್ಷನ್ ಕೊಟ್ಟು ವೈದ್ಯರು ಅವಳನ್ನು ಉಳಿಸಿದರು. ಮೊದಲ ಸಲವೇ ಕಲ್ಚರ್ ಆಗಿದ್ದರೆ ಒಂದು ಸಾಧಾರಣ ಗುಳಿಗೆಯಲ್ಲಿ ಮುಗಿಯಬಹುದಾಗಿದ್ದ ಕಾಯಿಲೆ ಅದು ಎಂಬ ಕೊರಗು ನನ್ನನ್ನು ಇನ್ನೂ ಬಿಟ್ಟಿಲ್ಲ.

ಬ್ಯಾಕ್ಟೀರಿಯಾದ ಕಿಣ್ವಕ್ಕೆ ವಿಜ್ಞಾನಿಗಳೂ ಉತ್ತರ ಹುಡುಕಿದ್ದಾರೆ. ಸ್ಟ್ರೆಪ್ಟೋಮೈಸಿಸ್ ಕುಲದ ಮಣ್ಣಿನ ಜೀವಿಯೊಂದರಿಂದ 1970ರ ದಶಕದಲ್ಲಿ ದೊರೆತ ಕ್ಲಾವುಲಾನಿಕ್ ಆಮ್ಲ ತಾನೇ ಬ್ಯಾಕ್ಟೀರಿಯಾವನ್ನು ಹೆಚ್ಚೇನೂ ಕೊಲ್ಲುವುದಿಲ್ಲ. ಉಂಗುರ ಕತ್ತರಿಸುವ ಕಿಣ್ವದ ಬಾಯಿಗೆ ತಾನೇ ಬಿದ್ದು ಅದನ್ನು ಕಟ್ಟಿಹಾಕುತ್ತದೆ, ಆ ಸಮಯದಲ್ಲಿ ಅಮಾಕ್ಸಿಸಿಲಿನ್ ತನ್ನ ಕೆಲಸ ಮುಗಿಸುತ್ತದೆ. ಈ ಜೋಡಿಯೇ 1981ರಿಂದ ಬಳಕೆಯಲ್ಲಿರುವ ಅಮಾಕ್ಸಿಕ್ಲಾವ್. ಇದೇ ಉಪಾಯದಿಂದ ಪಿಪರಾಸಿಲಿನ್ ಜೊತೆ ಟ್ಯಾಜೊಬ್ಯಾಕ್ಟಮ್ ಸೇರಿತು. ಆಸ್ಪತ್ರೆಗಳಲ್ಲಿ ಪಿಪ್-ಟ್ಯಾಜ್ ಎಂದು ಕರೆಯುವ ಆ ಇಂಜೆಕ್ಷನ್ ಇಂದು ತೀವ್ರ ನಿಗಾ ಘಟಕಗಳ ದಿನನಿತ್ಯದ ಔಷಧ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನಿಗಾ ಜಾಲದ ವರದಿಗಳ ಪ್ರಕಾರ, 2017ರಲ್ಲಿ ನೂರು ಇ. ಕೋಲಿ ಮಾದರಿಗಳಲ್ಲಿ ಸುಮಾರು 57 ಈ ಔಷಧಕ್ಕೆ ಬಗ್ಗುತ್ತಿದ್ದರೆ, 2023ರ ವೇಳೆಗೆ ಬಗ್ಗುವವು ಸುಮಾರು 42 ಮಾತ್ರ. ಅಷ್ಟೇ ಅಲ್ಲದೆ, 2018ರಲ್ಲಿ ಪ್ರಕಟವಾದ ಮೆರಿನೊ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಸೆಫ್ಟ್ರಿಯಾಕ್ಸೋನ್ ನಾಟದ ಇ. ಕೋಲಿ ಅಥವಾ ಕ್ಲೆಬ್ಸಿಯೆಲ್ಲಾ ರಕ್ತಕ್ಕೆ ಸೇರಿದ್ದ ರೋಗಿಗಳಿಗೆ ಪಿಪ್-ಟ್ಯಾಜ್ ಕೊಟ್ಟಾಗ ಮೂವತ್ತು ದಿನಗಳೊಳಗೆ ನೂರಕ್ಕೆ 12.3 ಮಂದಿಯೂ, ಇನ್ನೂ ಪ್ರಬಲವಾದ ಮೆರೊಪೆನೆಮ್ ಎಂಬ ಔಷಧ ಕೊಟ್ಟಾಗ ನೂರಕ್ಕೆ 3.7 ಮಂದಿಯೂ ಸಾವಿಗೀಡಾದರು. ಹಾಗೆಂದು ಎಲ್ಲರಿಗೂ ಮೆರೊಪೆನೆಮ್ ಕೊಡತೊಡಗಿದರೆ ಅದೂ ಬೇಗ ಸವೆಯುತ್ತದೆ; ಅದರ ನಂತರ ಉಳಿಯುವ ಔಷಧಗಳು ಬೆರಳೆಣಿಕೆಯವು. ಯಾರಿಗೆ ಯಾವುದು ಎಂಬುದನ್ನು ಊಹೆಯಿಂದ ತೀರ್ಮಾನಿಸಲಾಗದು, ತಟ್ಟೆಯೇ ಹೇಳಬೇಕು.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು ಹಸುಗೂಸುಗಳ ಚಿಂತೆ. ನವಜಾತ ಶಿಶುವಿಗೆ ರಕ್ತದ ಸೋಂಕಿನ ಅನುಮಾನ ಬಂದರೆ ಮೊದಲು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಔಷಧಗಳಲ್ಲಿ ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್ ಜೋಡಿ ಇಂದಿಗೂ ಇದೆ. ನಮ್ಮ ದೇಶದ ಶಿಶು ಘಟಕಗಳಲ್ಲಿ ಸೋಂಕು ತರುವುದು ಬಹಳ ಸಲ ಕ್ಲೆಬ್ಸಿಯೆಲ್ಲಾದಂಥ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳು. ಕ್ಲೆಬ್ಸಿಯೆಲ್ಲಾವಂತೂ ಹುಟ್ಟಿನಿಂದಲೇ ಆಂಪಿಸಿಲಿನ್ನಿಗೆ ಬಗ್ಗದ ಜಾತಿ. ಹುಟ್ಟಿ ಎರಡು ದಿನವಾದ ಕೂಸು ಯಾವ ಔಷಧವನ್ನೂ ದುರುಪಯೋಗ ಮಾಡಿರುವುದಿಲ್ಲ. ದೊಡ್ಡವರಾದ ನಾವು ಅಂಗಡಿಯ ಕಟ್ಟೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದ ಬೆಲೆಯನ್ನು ಅದು ತೆರಬೇಕಾಗುತ್ತದೆ.

ದನಕರುಗಳ ವಿಷಯವನ್ನೂ ಒಂದು ಮಾತಿನಲ್ಲಿ ಸೇರಿಸುತ್ತೇನೆ. ಕೆಚ್ಚಲು ಬಾವಿಗೆ ಮೊಲೆಯೊಳಗೆ ಏರಿಸುವ ಟ್ಯೂಬುಗಳಲ್ಲಿಯೂ ಇದೇ ಆಂಪಿಸಿಲಿನ್, ಕ್ಲಾಕ್ಸಾಸಿಲಿನ್ ಇರುತ್ತವೆ. ಟ್ಯೂಬ್ ಹಾಕಿದ ಮೇಲೆ ಅದರ ಮೇಲೆ ಬರೆದಿರುವಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು ಎಂಬ ತಿಳಿವಳಿಕೆಯನ್ನು ರೈತರಿಗೆ ಮುಟ್ಟಿಸಲು ಬೀದರಿನಲ್ಲಿಯೇ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ನಮ್ಮ ಭಾಗದ ಅನುಕೂಲ.

ಹಿಂದಕ್ಕೆ ಬರುವ ದಾರಿಯೇ ಇಲ್ಲವೆಂದು ಯಾರೂ ತಿಳಿಯಬಾರದು. ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಕೂಡ ಗ್ರಾಂ-ನೆಗೆಟಿವ್. 1990ರ ಆಸುಪಾಸಿನಲ್ಲಿ ನಮ್ಮ ದೇಶದಲ್ಲಿ ಅದು ಕ್ಲೋರಾಂಫೆನಿಕಾಲ್, ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್ ಮೂರಕ್ಕೂ ಬಗ್ಗದಂತಾಯಿತು. ವೈದ್ಯರು ಅವುಗಳನ್ನು ಬಿಟ್ಟು ಬೇರೆ ಔಷಧಗಳತ್ತ ಹೊರಳಿದರು. ಬಳಕೆ ಇಳಿದು ವರ್ಷಗಳು ಕಳೆದ ಮೇಲೆ ಈಗ ಟೈಫಾಯಿಡ್ ಮಾದರಿಗಳಲ್ಲಿ ಬಹುಪಾಲು ಮತ್ತೆ ಆಂಪಿಸಿಲಿನ್ನಿಗೆ ಬಗ್ಗುತ್ತಿವೆ. ಎಲ್ಲ ಬ್ಯಾಕ್ಟೀರಿಯಾಗಳೂ ಹೀಗೆ ಮರಳುತ್ತವೆ ಎನ್ನಲಾಗದು. ಆದರೂ ಕೈಬಿಟ್ಟ ಔಷಧ ತಿರುಗಿ ಕೈಗೆ ಬಂದದ್ದನ್ನು ನನ್ನ ಸೇವೆಯ ಅವಧಿಯಲ್ಲಿಯೇ ಕಂಡಿದ್ದೇನೆ. ಹಾಗೆಯೇ ಅರೆ-ಸಂಶ್ಲೇಷಿತ ಪೆನಿಸಿಲಿನ್‌ಗಳಲ್ಲಿ ಮೆಸಿಲಿನಾಮ್ ಎಂಬ ಇನ್ನೊಂದಿದೆ. ಡೆನ್ಮಾರ್ಕಿನಲ್ಲಿ ರೂಪುಗೊಂಡ ಇದು ಮುಖ್ಯವಾಗಿ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳ ಮೇಲೆಯೇ ಕೆಲಸ ಮಾಡುತ್ತದೆ. ಸ್ಕ್ಯಾಂಡಿನೇವಿಯಾ ದೇಶಗಳಲ್ಲಿ ಇದರ ಗುಳಿಗೆ ರೂಪವಾದ ಪಿವ್‌ಮೆಸಿಲಿನಾಮ್ ಅನ್ನು ಹಲವು ದಶಕಗಳಿಂದ ಉರಿಮೂತ್ರಕ್ಕೆ ಕೊಡುತ್ತಿದ್ದರೂ ಅಲ್ಲಿ ಅದು ಇನ್ನೂ ನಾಟುತ್ತಿದೆ; ಅಮೆರಿಕ 2024ರಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ಚೀಟಿಯಿಲ್ಲದೆ ಗುಳಿಗೆ ಕೊಡದ ಶಿಸ್ತು ಆ ದೇಶಗಳಲ್ಲಿ ಇದೆಯೆಂಬುದನ್ನು ಇದರೊಂದಿಗೆ ಸೇರಿಸಿಯೇ ಓದಬೇಕು.

ನಮ್ಮಲ್ಲಿಯೂ ಕಾನೂನು ಇದೆ. ಸೆಫ್ಟ್ರಿಯಾಕ್ಸೋನ್, ಮೆರೊಪೆನೆಮ್ ಮುಂತಾದವುಗಳು 2014ರ ಮಾರ್ಚ್‌ನಿಂದ ಔಷಧ ನಿಯಮಗಳ ಎಚ್-1 ಅನುಸೂಚಿಯಲ್ಲಿವೆ. ಅವುಗಳನ್ನು ಮಾರಿದ ಅಂಗಡಿಯವರು ವೈದ್ಯರ ಮತ್ತು ರೋಗಿಯ ವಿವರವನ್ನು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಆಂಪಿಸಿಲಿನ್, ಅಮಾಕ್ಸಿಸಿಲಿನ್ ಎಚ್ ಅನುಸೂಚಿಯವು. ಇವುಗಳಿಗೆ ಆ ವಹಿ ಬೇಕಿಲ್ಲ, ಚೀಟಿ ಮಾತ್ರ ಕಡ್ಡಾಯ. ಆ ಚೀಟಿಯನ್ನು ಕೇಳುವವರು ಎಷ್ಟು ಮಂದಿ ಎಂಬುದನ್ನು ನಾನು ಹೋದ ವಾರ ಕಂಡೆ. ಆದರೆ ಅಂಗಡಿಯವರೊಬ್ಬರನ್ನೇ ದೂರುವುದು ನ್ಯಾಯವಲ್ಲ. ಹೊಲದ ಕೂಲಿ ಬಿಟ್ಟು, ಬಸ್ಸು ಹಿಡಿದು, ಕಲಬುರಗಿಗೋ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಿ ಕಲ್ಚರ್ ಮಾಡಿಸಿ, ಎರಡು ದಿನ ಬಿಟ್ಟು ವರದಿ ತರಲು ಮತ್ತೆ ಹೋಗಿ ಎಂದು ಬಡ ಹೆಣ್ಣುಮಗಳಿಗೆ ಹೇಳುವುದು ಸುಲಭ, ಅವಳು ಅದನ್ನು ಮಾಡುವುದು ಸುಲಭವಲ್ಲ.

ಮಾದರಿಯನ್ನು ಮಾತ್ರ ಕಳಿಸಿದರೆ ಸಾಲದೇ ಎಂದು ಕೇಳಬಹುದು. ಮೂತ್ರದ ಮಾದರಿಯನ್ನು ಎರಡು ಗಂಟೆಯೊಳಗೆ ತಟ್ಟೆಗೆ ಹಾಕಬೇಕು, ಇಲ್ಲವೇ ತಂಪಿನಲ್ಲಿಡಬೇಕು. ಅನುಕೂಲವಾದ ಶಾಖದಲ್ಲಿ ಇ. ಕೋಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಮೇ ತಿಂಗಳಿನಲ್ಲಿ ಜೇವರ್ಗಿಯಿಂದಲೋ ಚಿಂಚೋಳಿಯಿಂದಲೋ ಬರಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಸ್ಸಿನ ಮೂಲಕ ಬಂದ ಮೂತ್ರದಲ್ಲಿ ಸೋಂಕಿಲ್ಲದವರಿಗೂ ಸೋಂಕಿದೆಯೆಂದು ತೋರುವಷ್ಟು ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಅಂಥ ಎಷ್ಟೋ ಡಬ್ಬಿಗಳನ್ನು ನಾನು ‘ಮಾದರಿ ಯೋಗ್ಯವಲ್ಲ’ ಎಂದು ಬರೆದು ಹಿಂದಿರುಗಿಸಿದ್ದೇನೆ. ಅವುಗಳನ್ನು ತಂದವರ ಮುಖ ನೆನಪಿದೆ.

ಆದ್ದರಿಂದ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಆರೋಗ್ಯಾಧಿಕಾರಿಗಳಲ್ಲಿ ಮತ್ತು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಲ್ಲಿ ನನ್ನ ವಿನಂತಿ ಇಷ್ಟೇ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಮೂತ್ರದ ಕಲ್ಚರ್ ಪರೀಕ್ಷೆ ನಡೆಯುವಂತಾಗಲಿ. ಅದಕ್ಕೆ ಬೇಕಾಗುವುದು ತಟ್ಟೆಗಳನ್ನು ಬೆಚ್ಚಗಿಡುವ ಒಂದು ಇನ್‌ಕ್ಯುಬೇಟರ್, ಹಬೆಯಿಂದ ಸೂಕ್ಷ್ಮಜೀವಿ ಕೊಲ್ಲುವ ಒಂದು ಆಟೋಕ್ಲೇವ್, ಬಿಲ್ಲೆಗಳನ್ನಿಡಲು ಒಂದು ಫ್ರಿಜ್, ತಟ್ಟೆ ಓದಲು ಬರುವ ಒಬ್ಬರು, ಮತ್ತು ಕರೆಂಟು ಹೋದಾಗ ನಿಲ್ಲದ ವ್ಯವಸ್ಥೆ. ಇದು ಕೂಡಲೇ ಆಗದಿದ್ದರೆ, ಲಸಿಕೆ ಸಾಗಿಸುವ ತಂಪು ಪೆಟ್ಟಿಗೆಯಂಥದ್ದರಲ್ಲಿ ಮಾದರಿಗಳನ್ನು ದಿನಕ್ಕೊಮ್ಮೆ ಜಿಲ್ಲಾ ಕೇಂದ್ರಕ್ಕೆ ತರುವ, ವರದಿಯನ್ನು ಫೋನಿನಲ್ಲಿ ವೈದ್ಯರಿಗೆ ಮುಟ್ಟಿಸುವ ಏರ್ಪಾಡಾದರೂ ಆಗಲಿ. ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಸೂಕ್ಷ್ಮಜೀವಿ ವಿಭಾಗಗಳು ಆರು ತಿಂಗಳಿಗೊಮ್ಮೆ, ನಮ್ಮ ಜಿಲ್ಲೆಯ ಇ. ಕೋಲಿಗೆ ಯಾವ ಔಷಧ ನೂರಕ್ಕೆ ಎಷ್ಟು ನಾಟುತ್ತಿದೆ ಎಂಬ ಒಂದು ಪುಟದ ಪಟ್ಟಿಯನ್ನು ಕನ್ನಡದಲ್ಲಿ ಹೊರತಂದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಅಂಟಿಸಲಿ. ಜ್ವರ ಏರಿ ಕಾಯಲು ಸಮಯವಿಲ್ಲದ ರೋಗಿಗೆ ವೈದ್ಯರು ಮೊದಲ ಔಷಧ ಆರಿಸುವಾಗ ದೂರದ ದೇಶದ ಪುಸ್ತಕಕ್ಕಿಂತ ಆ ಪುಟವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಂಥವರಿಗೂ ಮೊದಲ ಇಂಜೆಕ್ಷನ್ನಿಗೆ ಮುಂಚೆ ಮಾದರಿ ತೆಗೆದಿಡಲು ಐದು ನಿಮಿಷ ಸಾಕು. ಔಷಧ ಒಳಹೊಕ್ಕ ಮೇಲೆ ತೆಗೆದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಎಲ್ಲರೂ ಕತ್ತಲಲ್ಲಿ ಉಳಿಯುತ್ತಾರೆ.

ತಟ್ಟೆ ಓದಲು ಬರುವವರು ಎಲ್ಲಿ ಸಿಗುತ್ತಾರೆ ಎಂಬುದು ಮುಂದಿನ ಪ್ರಶ್ನೆಯಾಗುತ್ತದೆಂದು ಅನುಭವದಿಂದ ಬಲ್ಲೆ. ನನ್ನ ಕಣ್ಣು ಇನ್ನೂ ಚೆನ್ನಾಗಿದೆ. ಜೇವರ್ಗಿ, ಚಿತ್ತಾಪುರ, ಆಳಂದ, ಅಫಜಲಪುರ ಈ ನಾಲ್ಕರಲ್ಲಿ ಯಾವ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಕೆಲಸ ಆರಂಭವಾದರೂ, ಅಲ್ಲಿನ ತಂತ್ರಜ್ಞರು ಕೈಪಳಗುವವರೆಗೆ ವಾರಕ್ಕೆ ಎರಡು ದಿನ ಬಂದು ಗೆರೆ ಎಳೆಯುವುದನ್ನೂ ವೃತ್ತ ಅಳೆಯುವುದನ್ನೂ ಕಲಿಸಲು ನಾನು ಸಿದ್ಧನಿದ್ದೇನೆ. ಸಂಬಳ ಬೇಡ, ಬಸ್ಸಿನ ಖರ್ಚು ನನ್ನದೇ. ಸಂಬಂಧಪಟ್ಟವರು ಪತ್ರಿಕಾ ಕಚೇರಿಯ ಮೂಲಕ ತಿಳಿಸಿದರೆ ಮರುದಿನವೇ ಹಾಜರಾಗುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞ, ಕಲಬುರಗಿ